ಎದುರು ನಿಲ್ಲುವವನು

2016ರ ಮಾರ್ಚ್ ತಿಂಗಳ ಒಂದು ಭಾನುವಾರ, ತಮ್ಮನನ್ನು ಕರೆತರಲು ಸ್ವೀಡನ್ನಿನ ಶೋವ್ಡೆ ಸ್ಟೇಷನ್ನಿಗೆ ಹೋದ ಕಾಂಚನಾ ಅವನ ಎರಡು ಚೀಲಗಳಲ್ಲಿ ಚಿಕ್ಕದನ್ನು ಎತ್ತಲು ಹೋಗಿ ಕೈಬಿಟ್ಟಳು.

"ಏನೋ ಇದು ಅವಿ, ಕಲ್ಲು ತುಂಬ್ಕೊಂಡ್ ಬಂದಿದೀಯಾ?"

"ನೋಟ್‌ಬುಕ್ ಅಕ್ಕ. ಬಿಡು, ನಾನ್ ತಗೋತೀನಿ."

ಅವಿನಾಶ್ ಚೀಲವನ್ನು ಒಂದೇ ಕೈಯಲ್ಲಿ ಎತ್ತಿಕೊಂಡ. ಆ ಕೈಯ ಕೊನೆಯ ಎರಡು ಬೆರಳು ಎಂದೋ ಮುರಿದು ಓರೆಯಾಗಿ ಕೂಡಿಕೊಂಡಿದ್ದವು. ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಟ್ಟು, ಕಂಬಿ ಹಿಡಿದು, ವಯಸ್ಸಾದವರ ಹಾಗೆ ಇಳಿದ. ಅವನಿಗೆ ಮೂವತ್ಮೂರು ವರ್ಷ. ಪಕ್ಕದಲ್ಲಿ ಹೋಗುತ್ತಿದ್ದವರು ಅವನ ಭುಜದ ಅಗಲ ನೋಡಿ ದಾರಿ ಬಿಟ್ಟರು.

ಅವರಿಬ್ಬರ ಅಪ್ಪ ಅನಂತಕೃಷ್ಣ ಟೆಲಿಕಾಂ ಕೆಲಸಕ್ಕೆಂದು ಹೆಂಡತಿ ಮಕ್ಕಳನ್ನು ಕರೆದುಕೊಂಡು ಇದೇ ದೇಶದ ಕಾರ್ಲ್‌ಸ್ಕ್ರೂನಾಕ್ಕೆ ಬಂದಾಗ ಅವಿನಾಶನಿಗೆ ಆರು ವರ್ಷ. ಹದಿನೈದರಲ್ಲಿ ಅವನಿಗೆ ಅಮೆರಿಕನ್ ಫುಟ್‌ಬಾಲಿನ ಹುಚ್ಚು ಹಿಡಿಯಿತು. ಕಾಲಲ್ಲಿ ಒದೆಯುವ ಆಟವಲ್ಲ ಅದು. ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿ ದಾಟಿಸುವ ಆಟ. ಅವಿನಾಶ್ ಚೆಂಡು ಹಿಡಿದು ಓಡುವವನಲ್ಲ, ತಡೆಯುವವನು. ರಕ್ಷಣೆಯ ಸಾಲಿನ ಹಿಂದೆ ನಟ್ಟನಡುವೆ ನಿಂತು, ಬಂದವನನ್ನು ಹಿಡಿದು ನೆಲಕ್ಕೆ ಕೆಡಹುವ ಲೈನ್‌ಬ್ಯಾಕರ್. ಇಪ್ಪತ್ತೆರಡಕ್ಕೆ ಓದು ಬಿಟ್ಟು ಜರ್ಮನಿಯ ಒಂದು ಕ್ಲಬ್ಬಿಗೆ ಸಂಬಳದ ಆಟಗಾರನಾಗಿ ಹೋದ. ಒಂದು ಬೇಸಿಗೆ ಅಮೆರಿಕದ ದೊಡ್ಡ ತಂಡವೊಂದರ ತರಬೇತಿ ಶಿಬಿರಕ್ಕೂ ಕರೆ ಬಂತು. ಐದು ವಾರ ಇಟ್ಟುಕೊಂಡು ಹೆಸರು ತೆಗೆದರು. ಮತ್ತೆ ಜರ್ಮನಿಗೇ ಬಂದ. ಅಲ್ಲಿ ಒಟ್ಟು ಹನ್ನೊಂದು ವರ್ಷ ಆಡಿದ. ಅನಂತಕೃಷ್ಣ ತೀರಿಕೊಂಡು ಏಳು ವರ್ಷವಾಗಿತ್ತು. ಅವರಿರುವಷ್ಟು ದಿನ ಮನೆಯಲ್ಲಿ ಆ ಆಟದ ಮಾತೆತ್ತುವ ಹಾಗಿರಲಿಲ್ಲ; ಆಮೇಲೂ ಯಾರೂ ಎತ್ತಲಿಲ್ಲ. ಮನೆಯವರಲ್ಲಿ ಒಬ್ಬರೂ ಅವನ ಒಂದು ಪಂದ್ಯವನ್ನೂ ನೋಡಿರಲಿಲ್ಲ.

ಈಗ ಜರ್ಮನಿಯವರು ಕರಾರು ಮುಂದುವರಿಸಿರಲಿಲ್ಲ. ಶೋವ್ಡೆಯ ಕ್ಲಬ್ಬಿನವರು ಎರಡನೇ ದರ್ಜೆಯಲ್ಲಿ ಒಂದು ಸೀಸನ್ ಆಡಿ, ಜೊತೆಗೆ ಹೊಸಬರಿಗೆ ಹೇಳಿಕೊಡಿ ಎಂದು ಕರೆದಿದ್ದರು.

ಕಾಂಚನಾಳ ಗಂಡ ಶಂಕರ ಅದೇ ಊರಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಇದ್ದ. ತಯಾರಾದ ಎಂಜಿನ್ನುಗಳನ್ನು ಓಡಿಸಿ ಪರೀಕ್ಷಿಸುವುದು ಅವನ ವಿಭಾಗ. ಕಾಂಚನಾ ಹಗಲಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ದಾಗಿಸ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಅಮ್ಮ ಲೀಲಾವತಿ ಅವರ ಜೊತೆಗೇ ಇದ್ದರು. ಮಗಳು ಅಹನಾಗೆ ಹದಿನಾರು. ಮಾಮನಿಗೆ ಕೋಣೆ ಬಿಟ್ಟುಕೊಟ್ಟು ಅವಳು ಅಜ್ಜಿಯ ಕೋಣೆಗೆ ಹೋಗಬೇಕಾಯಿತು.

"ಅಜ್ಜಿ ಐದು ಗಂಟೆಗೇ ಎದ್ದು ಸ್ತೋತ್ರ ಹಾಕ್ತಾರೆ. ನಂಗೆ ಸ್ಕೂಲಲ್ಲಿ ನಿದ್ದೆ ಬರತ್ತೆ."

"ಒಂದು ಸೀಸನ್ ಅಷ್ಟೇ ಅಹನಾ."

"ಸೀಸನ್ ಅಂದ್ರೆ ಸೆಪ್ಟೆಂಬರ್ ತನಕ! ಆಗಲ್ಲ ಮಮ್ಮ, ನೇಯ್!"

ಮೊದಲ ವಾರವೇ ಅಡುಗೆಮನೆಯ ಲೆಕ್ಕ ತಪ್ಪಿತು. ದಿನಕ್ಕೆ ಒಂದೂವರೆ ಲೋಟ ಅಕ್ಕಿ ಇಡುತ್ತಿದ್ದ ಕಾಂಚನಾ ನಾಲ್ಕು ಲೋಟ ಇಡತೊಡಗಿದಳು. ಹಬ್ಬಕ್ಕೆಂದು ಮೇಲಿಟ್ಟಿದ್ದ ದೊಡ್ಡ ಕುಕ್ಕರ್ ಕೆಳಗೆ ಬಂತು. ಬೆಳಿಗ್ಗೆ ಎಂಟು ಮೊಟ್ಟೆ ಬೇಯಿಸಿ ತಿನ್ನುತ್ತಿದ್ದ ತಮ್ಮ, ಮನೆಯೊಳಗೆ ಕೋಳಿ ಬೇಯಿಸಬಾರದೆಂದು ಅಮ್ಮ ಹೇಳುವ ಮೊದಲೇ ಹಿತ್ತಲಿನ ಶೆಡ್ಡಿನ ಪಕ್ಕ ಗ್ರಿಲ್ ಇಟ್ಟುಕೊಂಡ. ಹಿಮ ಬೀಳುವಾಗಲೂ ಟೋಪಿ ಹಾಕಿಕೊಂಡು ಅಲ್ಲೇ ನಿಂತು ಬೇಯಿಸಿ, ಅಲ್ಲೇ ತಿಂದು, ಪಾತ್ರೆಯನ್ನು ಹೊರಗಿನ ನಲ್ಲಿಯಲ್ಲೇ ತೊಳೆದು ಒಳಗೆ ಬರುತ್ತಿದ್ದ. ಮಂಚ ಬೆನ್ನಿಗೆ ಆಗುವುದಿಲ್ಲವೆಂದು ನೆಲದ ಮೇಲೆ ಮಲಗುತ್ತಿದ್ದ. ಬೆಳಿಗ್ಗೆ ಹಾಸಿಗೆಯಿಂದ ಏಳಲು ಅವನಿಗೆ ಹತ್ತು ನಿಮಿಷ ಬೇಕಾಗುತ್ತಿತ್ತು. ಮೊದಲು ಮಗ್ಗುಲಾಗಿ, ಆಮೇಲೆ ಮಂಡಿಯೂರಿ, ಆಮೇಲೆ ಗೋಡೆ ಹಿಡಿದು. ಅಹನಾ ಒಂದು ದಿನ ಬಾಗಿಲ ಸಂದಿಯಿಂದ ಅದನ್ನು ನೋಡಿದಳು. ಅಂದಿನಿಂದ ಕೋಣೆಯ ಮಾತು ಎತ್ತಲಿಲ್ಲ.

ಶಂಕರನಿಗೆ ಮಾತ್ರ ಸಮಾಧಾನವಿರಲಿಲ್ಲ. ಊಟಕ್ಕೆ ಕುಳಿತಾಗಲೆಲ್ಲ ಒಂದೇ ಪ್ರಶ್ನೆ.

"ಸೀಸನ್ ಮುಗಿದ್ಮೇಲೆ ಏನು?"

"ನೋಡೋಣ ಭಾವ. ಮುನಿಸಿಪಾಲಿಟಿಯವರು ಸ್ಕೂಲಲ್ಲಿ ಅರ್ಧ ದಿನದ ಕೆಲಸ ಕೊಡ್ತಾರಂತೆ. ಕ್ಲಬ್ಬಿನೋರು ಮಾತಾಡ್ತಿದಾರೆ."

"ಸ್ಕೂಲಲ್ಲಿ ಏನ್ ಕೆಲಸ?"

"ಗಲಾಟೆ ಮಾಡೋ ಹುಡುಗ್ರ ಜೊತೆ ಇರೋದು."

"ಹೊಡೆದಾಡೋರನ್ನ ಹಿಡ್ಕೊಳ್ಳೋದು ಅನ್ನು. ಸರಿಹೋಯ್ತು. ಹನ್ನೊಂದು ವರ್ಷ ಹಾಳು ಮಾಡ್ಕೊಂಡ್ಯಲ್ಲೋ. ಒಂದು ಡಿಗ್ರಿ ಇದ್ದಿದ್ರೆ..."

"ರೀ, ಊಟ ಮಾಡೋವಾಗ ಬೇಡ," ಎಂದಳು ಕಾಂಚನಾ.

ಅವಿನಾಶ್ ಇನ್ನೊಂದು ಸೌಟು ಸಾರು ಹಾಕಿಸಿಕೊಂಡ.

ಏಪ್ರಿಲ್ ಎರಡನೇ ಶನಿವಾರ ಯೊತೆಬೊರಿ ನಗರದಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಇಟ್ಟುಕೊಂಡಿದ್ದರು. ಐದು ಜನವೂ ಹೋದರು. ಊಟದ ಸಾಲಿನಲ್ಲಿ ಬಾಲಚಂದ್ರ ಎಂಬ ಹಿರಿಯರು ಅವಿನಾಶನ ಕೈ ಕುಲುಕಿ, ಕೈಬಿಡದೆ ಕೇಳಿದರು:

"ಓ, ಲೀಲಾವತಿಯವರ ಮಗ ನೀವೇನಾ? ಜರ್ಮನೀಲಿ ಕಾರ್ ಡಿಸೈನ್ ಮಾಡ್ತೀರಂತೆ? ನಮ್ಮ ಹುಡುಗನೂ ಅಲ್ಲೇ ಟ್ರೈ ಮಾಡ್ತಿದಾನೆ. ಯಾವ ಕಂಪನಿ?"

ಅವಿನಾಶ್ ಅಮ್ಮನ ಕಡೆ ನೋಡಿದ. ಲೀಲಾವತಿ ತಟ್ಟೆ ನೋಡುತ್ತಿದ್ದರು.

"ನಾನು ಎಂಜಿನಿಯರ್ ಅಲ್ಲ ಸರ್. ಆಟಗಾರ," ಎಂದ ಅವನು.

ಮನೆಗೆ ಬಂದ ಕೂಡಲೇ, ಮಿಕ್ಕ ಒಬ್ಬಟ್ಟಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಡುತ್ತಿದ್ದ ಅಮ್ಮನ ಹಿಂದೆ ಹೋಗಿ ಅವಿನಾಶ್ ನಿಂತ.

"ಯಾವ ಕಂಪನಿ ಅಮ್ಮ? ನಾನು ಹನ್ನೊಂದು ವರ್ಷ ಯಾವ ಕಂಪನೀಲಿದ್ದೆ? ಹೇಳಿದ್ರೆ ಮುಂದಿನ್ಸಲ ನಾನೂ ಅದೇ ಹೇಳ್ತೀನಿ."

"ಮೊದಲು ಹೇಳಿದ್ದು ನಾನಲ್ಲ, ನಿಮ್ಮಪ್ಪ. ಅವರು ಹೋದ್ಮೇಲೆ ಅವರ ಮಾತನ್ನ ಸುಳ್ಳು ಮಾಡೋಕೆ ನನಗೆ ಬಾಯಿ ಬರ್ಲಿಲ್ಲ."

"ಅಪ್ಪಂಗೆ ನಾಚಿಕೆ. ನಿನಗೂ ನಾಚಿಕೆನಾ?"

"ನಾಚಿಕೆ ಅಲ್ವೋ."

"ಮತ್ತೇನು? ಎಂಟು ಸಾವಿರ ಜನ ದುಡ್ಡು ಕೊಟ್ಟು ಬಂದು ನೋಡ್ತಿದ್ರು. ನೀನೊಂದ್ಸಲ, ಒಂದೇ ಒಂದ್ಸಲ ಟಿ.ವಿ.ಲಾದ್ರೂ ನೋಡ್ಬೋದಿತ್ತು."

ಲೀಲಾವತಿ ಫ್ರಿಜ್ಜಿನ ಬಾಗಿಲು ಹಾಕಿದರು. "ಭಯ ಕಣೋ. ನಿನ್ನ ಹೊಡೀತಾರೆ, ಬೀಳಿಸ್ತಾರೆ, ಅದನ್ನ ನಾನು ಕೂತ್ಕೊಂಡು ನೋಡ್ಲಾ?"

ಅವಿನಾಶನಿಗೆ ಸಿಟ್ಟಿನ ನಡುವೆಯೂ ನಗು ಬಂತು. "ಅಮ್ಮ, ಹೊಡಿಯೋನು ನಾನು."

"ಅದು ಇನ್ನೂ ಭಯ," ಎಂದರು ಲೀಲಾವತಿ.

ಅದಾದ ಮೇಲೆ ಒಂದು ವಾರ ತಾಯಿ ಮಗ ಮುಖ ಕೊಟ್ಟು ಮಾತಾಡಲಿಲ್ಲ. "ಸಾರು ಬೇಕಾ ಕೇಳು", "ಸಾಕಂತೆ ಹೇಳು" ಎಂದು ಕಾಂಚನಾಳ ಮೂಲಕವೇ ಎಲ್ಲ ನಡೆಯಿತು.

ಏಪ್ರಿಲ್ ಕೊನೆಗೆ ಪಂದ್ಯಗಳು ಶುರುವಾಗುವುದಿತ್ತು. ಅವಿನಾಶ್ ಸಂಜೆ ಸೋಫಾದ ಮುಂದೆ ನೆಲದ ಮೇಲೆ ಕುಳಿತು, ಎದುರು ತಂಡದ ಹಳೆಯ ಪಂದ್ಯಗಳನ್ನು ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದ. ನೋಡುವುದು, ನಿಲ್ಲಿಸುವುದು, ನೋಟ್‌ಬುಕ್ಕಿನಲ್ಲಿ ಬರೆಯುವುದು. ಅಹನಾ ಹೋಮ್‌ವರ್ಕ್ ನೆಪದಲ್ಲಿ ಪಕ್ಕ ಕುಳಿತುಕೊಳ್ಳುತ್ತಿದ್ದಳು. ಒಂದು ಸಂಜೆ ಅವಳು ಕಿರುಚಿದ್ದು ಕೇಳಿ ಶಂಕರ ಅಡುಗೆಮನೆಯಿಂದ ಬಂದ.

"ಪಪ್ಪಾ, ಮಾಮ ಮುಂಚೇನೇ ಹೇಳ್ತಾನೆ! ಚೆಂಡು ಎಲ್ಲಿಗೆ ಹೋಗತ್ತೆ ಅಂತ, ಅದು ಶುರುವಾಗೋಕೆ ಮುಂಚೆ!"

"ಒಂದೆರಡು ಸಲ ಯಾರ್ ಬೇಕಾದ್ರೂ ಹೇಳ್ಬೋದು."

"ಸರಿ, ನೀವೇ ನೋಡಿ ಭಾವ," ಎಂದ ಅವಿನಾಶ್.

ಶಂಕರ ಕಾರ್ಖಾನೆಯಲ್ಲಿ ಯಾರ ಬಾಯಿಮಾತನ್ನೂ ನಂಬುವವನಲ್ಲ. ಕಾಗದ ತಂದು ಗೆರೆ ಹಾಕಿದ. ಅವಿನಾಶ್ ಆ ತನಕ ನೋಡಿರದ ಪಂದ್ಯವೊಂದನ್ನು ಶಂಕರನೇ ಆರಿಸಿದ. ಪ್ರತಿ ಸಲ ಆಟಗಾರರು ಸಾಲಾಗಿ ಬಗ್ಗಿ ನಿಂತ ಕೂಡಲೇ ವಿಡಿಯೋ ನಿಲ್ಲಿಸುವುದು; ಅವಿನಾಶ್ ಹೇಳುವುದು; ಬರೆದುಕೊಳ್ಳುವುದು; ಆಮೇಲೆ ಓಡಿಸುವುದು.

"ಎಡಕ್ಕೆ ಓಟ."

ಎಡಕ್ಕೆ ಓಡಿದರು.

"ಎಸೀತಾರೆ. ದೂರ ಅಲ್ಲ, ಹತ್ತಿರಕ್ಕೇ."

ಎಸೆದರು.

"ನಡುವಿಂದ ನುಗ್ತಾರೆ. ಅಲ್ಲಲ್ಲ, ತಡೀರಿ... ನಾಟಕ ಅದು. ಬಲಕ್ಕೆ."

ಬಲಕ್ಕೇ ಹೋಯಿತು. ಕಾಂಚನಾ ಒದ್ದೆ ಕೈಯಲ್ಲೇ ಬಂದು ನಿಂತಳು. ನಲವತ್ತು ಸಲ ಕೇಳಿದ್ದಾಯಿತು, ಮೂವತ್ನಾಲ್ಕು ಸರಿ. ಶಂಕರ ಕಾಗದವನ್ನು ಎರಡನೇ ಸಲ ಎಣಿಸಿದ.

"ಹೇಗೋ?"

"ಇವನ ಕೈ ನೋಡಿ." ಅವಿನಾಶ್ ಓರೆ ಬೆರಳಿನಿಂದ ಪರದೆ ಮುಟ್ಟಿದ. "ನೆಲಕ್ಕೆ ಕೈ ಊರಿದಾನಲ್ಲ, ಭಾರ ಕೈ ಮೇಲೆ ಬಿಟ್ರೆ ಬೆರಳಿನ ಗಿಣ್ಣು ಬೆಳ್ಳಗಾಗತ್ತೆ. ಅಂದ್ರೆ ಮುಂದಕ್ಕೆ ನುಗ್ತಾನೆ, ಓಟ. ಬೆಳ್ಳಗಾಗಿಲ್ಲ ಅಂದ್ರೆ ಹಿಂದಕ್ಕೆ ಸರೀತಾನೆ, ಎಸೆತ. ಇವನಿದಾನಲ್ಲ, ಇವನು ಸುಳ್ಳು ಹೇಳೋವಾಗ ಹೆಲ್ಮೆಟ್ ಮುಟ್ಕೋತಾನೆ."

"ಇದೆಲ್ಲ ನೋಡೋಕೆ ಎಷ್ಟು ಟೈಮ್ ಇರತ್ತೆ ನಿಂಗೆ?"

"ಮೂರು ಸೆಕೆಂಡ್. ನಾಲ್ಕು."

ಶಂಕರ ಅವನ ಕೋಣೆಗೆ ಹೋಗಿ ಆ ಭಾರದ ಚಿಕ್ಕ ಚೀಲವನ್ನು ತಂದು ನೆಲಕ್ಕೆ ಇಟ್ಟ. ಇಪ್ಪತ್ತಾರು ನೋಟ್‌ಬುಕ್ಕುಗಳಿದ್ದವು. ಒಂದೊಂದರಲ್ಲೂ ಒಂದೊಂದು ತಂಡ, ಒಬ್ಬೊಬ್ಬ ಆಟಗಾರ, ಅವನು ದಣಿದಾಗ ಯಾವ ಕಾಲು ಹಿಂದಿಡುತ್ತಾನೆ, ಹೆದರಿದಾಗ ಎತ್ತ ನೋಡುತ್ತಾನೆ. ಚಿಕ್ಕ ಚಿಕ್ಕ ಅಕ್ಷರ, ಬಾಣದ ಗುರುತು, ದಿನಾಂಕ. ಶಂಕರ ಕನ್ನಡಕ ಹಾಕಿಕೊಂಡು ಒಂದು ಗಂಟೆ ಓದಿದ. ಅನ್ನ ಆರಿತು.

"ನಾನು ಹದಿನೆಂಟು ವರ್ಷದಿಂದ ಎಂಜಿನ್ ಶಬ್ದ ಕೇಳ್ತಿದೀನಿ," ಎಂದ ಕೊನೆಗೆ. "ಯಾವ್ದೋ ಒಂದರಲ್ಲಿ ಎಲ್ಲೋ ಏನೋ ಸರಿ ಇಲ್ಲ ಅಂತ ಕಿವಿಗೆ ಗೊತ್ತಾಗತ್ತೆ. ಅಷ್ಟಕ್ಕೇ ನನ್ನನ್ನ ಎಲ್ರೂ ದೊಡ್ಡ ಮನುಷ್ಯ ಅಂತಾರೆ." ನೋಟ್‌ಬುಕ್ ಮುಚ್ಚಿದ. "ಹಾಳು ಮಾಡ್ಕೊಂಡೆ ಅಂದಿದ್ನಲ್ಲ, ಅದನ್ನ ಮರ್ತುಬಿಡು ಅವಿ."

"ಮರ್ತೆ ಭಾವ. ಊಟ ಮಾಡೋಣ್ವಾ?"

ಕೋಣೆಯ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡಿದ್ದ ಲೀಲಾವತಿ ಅಂದು ಮಗನಿಗೆ ತಾವೇ ಬಡಿಸಿದರು. ತುಪ್ಪ ಹಾಕುತ್ತಾ, "ಆಟ ಯಾವತ್ತು?" ಎಂದು ಕೇಳಿದರು.

ಮೊದಲ ಎರಡು ಪಂದ್ಯ ಬೇರೆ ಊರುಗಳಲ್ಲಿ ನಡೆದವು. ಶೋವ್ಡೆಯಲ್ಲಿ ಮೊದಲ ಪಂದ್ಯ ಮೇ ಎರಡನೇ ಶನಿವಾರ ಮಧ್ಯಾಹ್ನ ಒಂದಕ್ಕೆ. ಗಾಳಿ ಜೋರಾಗಿತ್ತು, ನಡುನಡುವೆ ಸೂಜಿಯಂಥ ಮಳೆ. ಮರದ ಬೆಂಚುಗಳ ಮೇಲೆ ಇನ್ನೂರು ಜನರಿದ್ದರೇನೋ. ಲೀಲಾವತಿ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು, ಕಾಫಿಯ ಫ್ಲಾಸ್ಕನ್ನು ಮಡಿಲಲ್ಲಿಟ್ಟುಕೊಂಡು ಅಹನಾ ಮತ್ತು ಕಾಂಚನಾಳ ನಡುವೆ ಕುಳಿತಿದ್ದರು.

"ಐವತ್ನಾಲ್ಕು ನಂಬರ್ ಅಜ್ಜಿ. ಅಲ್ಲಿ, ಮಧ್ಯದಲ್ಲಿ."

ಮೆಟ್ಟಿಲಿಗೆ ಎರಡು ಕಾಲಿಟ್ಟು ಇಳಿಯುವ ಮಗ ಅಲ್ಲಿರಲಿಲ್ಲ. ಅಲ್ಲಿದ್ದವನು ತುದಿಗಾಲ ಮೇಲೆ ನಿಂತಿದ್ದ. ಎಡಕ್ಕೆ ಬಲಕ್ಕೆ ಸರಿದಾಡುತ್ತಾ, ತನ್ನವರಿಗೆ ಕೈ ತೋರಿಸುತ್ತಾ, ಗಾಳಿಯನ್ನು ಸೀಳುವ ದನಿಯಲ್ಲಿ ಕೂಗುತ್ತಿದ್ದ. ಅವನು ತೋರಿಸಿದ ಕಡೆಗೆ ಹತ್ತು ಜನ ಸರಿಯುತ್ತಿದ್ದರು. ಮರುಕ್ಷಣ ಚೆಂಡು ಅಲ್ಲಿಗೇ ಬರುತ್ತಿತ್ತು. ಬಂದಾಗ ಅವನು ಆಗಲೇ ಅಲ್ಲಿರುತ್ತಿದ್ದ. ಮೊದಲ ಸಲ ಎರಡು ಮೈ ಡಿಕ್ಕಿ ಹೊಡೆದ ಸದ್ದಿಗೆ ಲೀಲಾವತಿ ಕಣ್ಣು ಮುಚ್ಚಿಕೊಂಡರು. ಎರಡನೇ ಸಲ ಒಂದು ಕಣ್ಣು ತೆರೆದರು. ಕೆಳಗೆ ಬಿದ್ದವನಿಗೆ ಪ್ರತಿ ಸಲ ಮಗನೇ ಕೈ ಕೊಟ್ಟು ಎಬ್ಬಿಸುವುದನ್ನು ಕಂಡ ಮೇಲೆ ಮುಚ್ಚಿಕೊಳ್ಳುವುದನ್ನು ಬಿಟ್ಟರು.

"ಏಳೋಕೆ ಕೈ ಕೊಡ್ಬೇಕು ಅಂತ ರೂಲ್ ಇದ್ಯಾ?"

"ಇಲ್ಲ ಅಜ್ಜಿ. ಅದು ಮಾಮಂದು."

ಪಕ್ಕದಲ್ಲಿ ಶಂಕರ "ಗಿಣ್ಣು ಬೆಳ್ಳಗಾಗಿದೆ, ಓಟ, ಓಟ" ಎಂದು ಗೊಣಗುತ್ತಿದ್ದ. ಅಷ್ಟು ದೂರಕ್ಕೆ ಯಾರ ಗಿಣ್ಣೂ ಕಾಣುತ್ತಿರಲಿಲ್ಲ. ಎದುರು ತಂಡದ ಚೆಂಡು ಮೂರು ಸಲ ಗಡಿಯ ಎರಡು ಹೆಜ್ಜೆ ಹತ್ತಿರ ಬಂತು. ಮೂರು ಸಲವೂ ಐವತ್ನಾಲ್ಕನೆಯವನ ಎದೆಗೆ ಬಡಿದು ನಿಂತಿತು. ಇನ್ನೂರು ಜನ ಬೆಂಚು ಗುದ್ದಿದರು. ಲೀಲಾವತಿ ಕಾಫಿ ಬಗ್ಗಿಸುವುದನ್ನೇ ಮರೆತು ಬಟ್ಟಲು ಹಿಡಿದು ಕುಳಿತರು. "ಇವನು ನನ್ನ ಹೊಟ್ಟೇಲಿ ಹುಟ್ಟಿದವನಾ?" ಎಂದು ಕಾಂಚನಾಳ ಕಿವಿಯಲ್ಲಿ ಕೇಳಿದರು.

ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದರ ಮಧ್ಯೆ ಅದು ನಡೆಯಿತು. ಎದುರು ತಂಡದ ಓಟಗಾರ ಎಮಿಲ್ ಚೆಂಡು ಹಿಡಿದು ಬದಿಯಿಂದ ನುಗ್ಗಿದ. ಅವಿನಾಶ್ ಓರೆಯಾಗಿ ಬಂದು ಅವನ ನಡು ಹಿಡಿದ. ನಿಯಮದಲ್ಲಿ ಏನೂ ತಪ್ಪಿರಲಿಲ್ಲ. ರೆಫರಿ ಸೀಟಿ ಊದಲಿಲ್ಲ. ಆದರೆ ಬೀಳುವಾಗ ಎಮಿಲನ ಕುತ್ತಿಗೆ ಪಕ್ಕಕ್ಕೆ ಹೊರಳಿ, ತಲೆ ಹಾಗೇ ನೆಲಕ್ಕೆ ಬಡಿಯಿತು. ಅವಿನಾಶ್ ಎದ್ದು, ಎಂದಿನಂತೆ ಕೈ ಚಾಚಿದ. ಕೆಳಗಿದ್ದವನು ಕೈ ಎತ್ತಲಿಲ್ಲ. ಚಾಚಿದ ಕೈ ಹಿಂದಕ್ಕೆ ಹೋಯಿತು. ಅವಿನಾಶ್ ಎಮಿಲನ ತಲೆಯ ಬಳಿ ಮಂಡಿಯೂರಿ, ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಓಡಿಬಂದ ಎಮಿಲನ ಗೆಳೆಯನೊಬ್ಬ ಹೆಲ್ಮೆಟ್ ಬಿಚ್ಚಲು ಕೈ ಹಾಕಿದ.

"ಮುಟ್ಟಬೇಡ! ಯಾರೂ ಮುಟ್ಟಬೇಡಿ!" ಸ್ವೀಡಿಷಿನಲ್ಲಿ ಅವಿನಾಶ್ ಕೂಗಿದ್ದು ಬೆಂಚಿನ ಕೊನೆಗೂ ಕೇಳಿತು. ಕ್ಲಬ್ಬಿನ ಫಿಸಿಯೋ ಲೀನಾ ಓಡಿಬಂದು ನೋಡಿ, "ಹಾಗೇ ಹಿಡಿದಿರು," ಎಂದಳು. ಆಂಬುಲೆನ್ಸ್ ಇನ್ನೊಂದು ಅಪಘಾತಕ್ಕೆ ಹೋಗಿತ್ತು. ಇಪ್ಪತ್ತೈದು ನಿಮಿಷ ಆಗುತ್ತದೆ ಎಂದರು.

ಮಳೆ ಜೋರಾಯಿತು. ಶಂಕರ ಕಂಬಿ ದಾಟಿ ಒಳಗೆ ಓಡಿದ. ತನ್ನ ಕೋಟು ಬಿಚ್ಚಿ ಎಮಿಲನ ಮೇಲೆ ಹೊದಿಸಿದ.

"ಭಾವ, ಮುಖಕ್ಕೆ ಮಳೆ ಬೀಳ್ತಿದೆ. ಏನಾದ್ರೂ ಅಡ್ಡ ಹಿಡೀರಿ."

ಶಂಕರ ಅಂಗಿಯಲ್ಲೇ ನಿಂತು, ಯಾರೋ ಕೊಟ್ಟ ಬ್ಯಾಗನ್ನು ಆ ಮುಖದ ಮೇಲೆ ಅಡ್ಡ ಹಿಡಿದ. ಅವಿನಾಶ್ ಬಗ್ಗಿ ಮಾತಾಡುತ್ತಲೇ ಇದ್ದ. ಊರು ಯಾವುದು, ತಂಗಿಯ ಹೆಸರೇನು, ಬೆಳಿಗ್ಗೆ ಏನು ತಿಂದೆ. ಎಮಿಲ್ ಅಳುತ್ತಾ ಒಂದೊಂದಕ್ಕೂ ಉತ್ತರ ಕೊಟ್ಟ. ಒಮ್ಮೆ "ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ," ಎಂದ. "ಇದೆ. ನಾನು ನೋಡ್ತಿದ್ದೀನಿ," ಎಂದ ಅವಿನಾಶ್. ಮೆಟ್ಟಿಲಿಗೂ ಮಂಡಿ ಬಾಗದ ಮನುಷ್ಯ ಮಂಡಿಯೂರಿದ್ದ. ಬೇರೆಯವರು ಬದಲಾಗಿ ಹಿಡಿಯಲು ಬಂದರೆ ತಲೆಯಾಡಿಸಿದ. ಕೈ ಬದಲಾಯಿಸುವಾಗ ಅಲುಗಿದರೆ ಎಂದು ಅವನ ಹೆದರಿಕೆ.

ಲೀಲಾವತಿ ಎದ್ದು ನಿಂತವರು ಮತ್ತೆ ಕೂರಲಿಲ್ಲ. "ಅಮ್ಮ, ಕೂತ್ಕೋ," ಎಂದು ಕಾಂಚನಾ ತೋಳು ಹಿಡಿದಳು.

"ಅವನು ಹಾಗಿರೋವಾಗ ನಾನು ಕೂರ್ಲಾ?" ಎಂದರು.

ಆಂಬುಲೆನ್ಸಿನವರು ಬಂದು ಕುತ್ತಿಗೆಗೆ ಪಟ್ಟಿ ಹಾಕಿ, ಇನ್ನು ಬಿಡಬಹುದು ಎಂದಾಗ ಅವಿನಾಶನಿಗೆ ಬಿಡಲಾಗಲಿಲ್ಲ. ಬೆರಳು ಸೆಟೆದುಕೊಂಡಿದ್ದವು. ಲೀನಾ ಒಂದೊಂದಾಗಿ ಬಿಡಿಸಿದಳು. ಪಂದ್ಯ ಅಲ್ಲಿಗೇ ನಿಂತಿತು.

ಮನೆಗೆ ಬಂದು ಅವನು ಒದ್ದೆ ಬಟ್ಟೆಯಲ್ಲೇ ಅಡುಗೆಮನೆಯ ಕುರ್ಚಿಯ ಮೇಲೆ ಕುಳಿತ. ಎದುರಿಗೆ ಫೋನು. ಕಾಂಚನಾ ಟವೆಲ್ ತಂದು ತಲೆ ಒರೆಸಿದಳು. ಅಹನಾ ಮಾಮನ ಬೂಟಿನ ದಾರ ಬಿಚ್ಚಿದಳು. ಏಳೂವರೆಗೆ, ಕಿಟಕಿಯಲ್ಲಿ ಇನ್ನೂ ಬಿಸಿಲಿರುವಾಗ, ಲೀನಾ ಫೋನ್ ಮಾಡಿದಳು. ಅವಿನಾಶನ ಬೆರಳು ಮಡಚುತ್ತಿರಲಿಲ್ಲವಾಗಿ ಶಂಕರನೇ ಗುಂಡಿ ಒತ್ತಿ ಸ್ಪೀಕರಿಗೆ ಹಾಕಿದ.

ಎಮಿಲನ ಕುತ್ತಿಗೆಯ ಒಂದು ಮೂಳೆ ಬಿರುಕು ಬಿಟ್ಟಿದೆ. ಒಳಗಿನ ನರಕ್ಕೆ ಏನೂ ಆಗಿಲ್ಲ. ಆರು ಗಂಟೆಗೆ ಎರಡೂ ಕಾಲಿನ ಬೆರಳು ಆಡಿಸಿದ. ನಡೆಯುತ್ತಾನೆ. "ಡಾಕ್ಟರ್ ಹೇಳಿದ್ರು," ಎಂದಳು ಲೀನಾ, "ಆ ತಲೆ ಸ್ವಲ್ಪ ಅಲುಗಿದ್ರೂ ಇವತ್ತು ಬೇರೆ ಮಾತಾಡ್ಬೇಕಿತ್ತಂತೆ."

ಅವಿನಾಶ್ ಥ್ಯಾಂಕ್ಸ್ ಎಂದ. ಫೋನ್ ಇಟ್ಟ ಮೇಲೆ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಅಷ್ಟು ದೊಡ್ಡ ಬೆನ್ನು ಅಲುಗುವುದನ್ನು ಅಹನಾ ಬಾಯಿಬಿಟ್ಟು ನೋಡುತ್ತಾ ನಿಂತಳು.

ಲೀಲಾವತಿ ಅನ್ನ ಸಾರು ಕಲಸಿಕೊಂಡು ಬಂದು ಅವನ ಪಕ್ಕದ ಕುರ್ಚಿ ಎಳೆದರು.

"ಬಾಯಿ ತೆಗಿ."

"ನಾನೇ ತಿಂತೀನಮ್ಮ."

"ಯಾವ ಕೈಯಲ್ಲಿ ತಿಂತೀಯಾ? ತೆಗಿ."

ಅವನು ಬಾಯಿ ತೆರೆದ. ನಾಲ್ಕೈದು ತುತ್ತು ಹೋಯಿತು. ಆಮೇಲೆ ಅವನು ಕಿಟಕಿ ನೋಡುತ್ತಾ, "ಸಾಕಮ್ಮ," ಎಂದ.

ಲೀಲಾವತಿಯ ಕೈ ಅರ್ಧದಲ್ಲೇ ನಿಂತಿತು. "ಇಷ್ಟಕ್ಕೇ?"

"ಅನ್ನ ಅಲ್ಲ. ಆಟ. ಹುಡುಗ್ರಿಗೆ ಹೇಳ್ಕೊಡ್ತೀನಿ. ನಾನು ಮೈದಾನಕ್ಕೆ ಇಳಿಯಲ್ಲ."

ಲೀಲಾವತಿ ಮಗನ ಮುಖವನ್ನು ಬಹಳ ಹೊತ್ತು ನೋಡಿದರು.

"ಸರಿ. ಅನ್ನ?"

"ಅನ್ನ ಹಾಕು," ಎಂದ ಅವಿನಾಶ್. ಕಾಂಚನಾ ಎದ್ದು ದೊಡ್ಡ ಕುಕ್ಕರ್ ಮತ್ತೆ ಒಲೆಯ ಮೇಲಿಟ್ಟಳು.